ಮೇಲ್ಸೇತುವೆಯ ಕೆಂಪು ಚುಕ್ಕೆ

ನಮ್ಮೂರಿನ ಹತ್ತಿ ಗಿರಣಿಯ ಚಿಮಣಿ ಇನ್ನೂ ನಿಂತಿದೆ ಎಂದರೆ ಅದಕ್ಕೆ ಕಾರಣ ಇಟ್ಟಿಗೆಯೂ ಅಲ್ಲ, ಗಾರೆಯೂ ಅಲ್ಲ, ನಾನು. ಜಂಬದ ಮಾತು ಅಂದುಕೊಳ್ಳಬೇಡಿ, ಊರಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ವರ್ಷಕ್ಕೊಮ್ಮೆ, ಆಯುಧಪೂಜೆಯ ಹೊತ್ತಿಗೆ ಮುಗಿಯುವಂತೆ, ನಾನು ಹಳಿಯ ಆಚೆಗಿನ ದಿಬ್ಬದ ಮೇಲೆ ಸ್ಟೂಲು ಹಾಕಿಕೊಂಡು ಕೂತು ಒಂದು ದೊಡ್ಡ ಚಿತ್ರ ಬರೆಯುತ್ತೇನೆ. ಅದರಲ್ಲಿ ಮುಚ್ಚಿದ ಗಿರಣಿ, ಅದರ ಚಿಮಣಿ, ಕಿಟಕಿ ಒಡೆದ ಗೋದಾಮು, ಉಗಿ ಎಂಜಿನ್ನುಗಳಿಗೆ ನೀರು ತುಂಬುತ್ತಿದ್ದ ಕಬ್ಬಿಣದ ಟಾಕಿ, ಸಿಗ್ನಲ್ ಕಂಬಗಳು, ಸ್ಟೇಷನ್ನು, ಎರಡು ಪ್ಲಾಟ್‌ಫಾರ್ಮುಗಳ ನಡುವಿನ ಮೇಲ್ಸೇತುವೆ ಎಲ್ಲವೂ ಬರಬೇಕು. ಚಿತ್ರದಲ್ಲಿ ಇದ್ದದ್ದು ಮುಂದಿನ ಚಿತ್ರದವರೆಗೆ ಇದ್ದಲ್ಲೇ ಇರುತ್ತದೆ. ಒಮ್ಮೆ ಚಿತ್ರದಲ್ಲಿ ಬಂದದ್ದನ್ನು ಮರುವರ್ಷ ಬರೆಯದೆ ಬಿಟ್ಟರೆ ಅದು ಹೋಗುತ್ತದೆ. ನಮ್ಮೂರು ನಡೆಯುವುದೇ ಹೀಗೆ.

ಹೋಗುತ್ತದೆ ಎಂದರೆ ಕುಸಿದು ಬೀಳುವುದಲ್ಲ, ಕಳವಾಗುವುದೂ ಅಲ್ಲ. ಬೆಳಗ್ಗೆ ಎದ್ದು ನೋಡಿದರೆ ಆ ಜಾಗದಲ್ಲಿ ಅದು ಇರುವುದಿಲ್ಲ, ಅಷ್ಟೇ. ಸ್ಟೇಷನ್ನಿನ ಗೋಡೆ ಗಡಿಯಾರ ಹೋದದ್ದು ಹಾಗೆ. ಆಗ ಚಿತ್ರ ಬರೆಯುತ್ತಿದ್ದವರು ನನ್ನ ಸೋದರಮಾವ ಸಂಗಣ್ಣ. ಅವರಿಗೂ ಸ್ಟೇಷನ್ ಮಾಸ್ತರರಿಗೂ ಯಾವುದೋ ಮಾತಿಗೆ ಮನಸ್ತಾಪವಾಗಿ, ಗಡಿಯಾರವಿದ್ದ ಕಡೆ ಬರೀ ಹಳದಿ ಗೋಡೆ ಬಳಿದು ಬಂದರು. ಊರು ಸ್ವಲ್ಪ ದಿನ ಗೊಣಗಿತು, ಆಮೇಲೆ ಗೇಟ್‌ಮನ್ ದಸ್ತಗೀರಸಾಬರನ್ನು ಹೊತ್ತು ಕೇಳುವುದು ರೂಢಿ ಮಾಡಿಕೊಂಡಿತು. ಅದಕ್ಕೂ ಹಿಂದೆ ಸ್ಟೇಷನ್ನಿನ ಹಿತ್ತಲಲ್ಲಿ ಕಟ್ಟಿದ್ದ ಮೇಕೆಯೊಂದು ಒಂದು ವರ್ಷ ಚಿತ್ರದಲ್ಲಿ ಬಂದು, ಮರುವರ್ಷ ಬಿಟ್ಟುಹೋಗಿ, ಕಾಣೆಯಾಯಿತು. ಅದು ಚಿತ್ರದಿಂದ ಹೋಯಿತೋ, ಯಾರದೋ ಗಡಿಗೆಯೊಳಗೆ ಹೋಯಿತೋ ಎನ್ನುವ ಬಗ್ಗೆ ಈಗಲೂ ಚಹಾದಂಗಡಿಯಲ್ಲಿ ಎರಡು ಪಕ್ಷಗಳಿವೆ.

ರೈಲನ್ನು ಮಾತ್ರ ನಾವು ಬರೆಯುವುದಿಲ್ಲ. ಮಾವನಿಗಿಂತ ಹಿಂದಿನವರು ಯಾರೋ ಯಾರ್ಡಿನಲ್ಲಿ ಕೆಟ್ಟು ನಿಂತ ಕರಿ ಎಂಜಿನ್ನೊಂದನ್ನು ಚಂದ ಕಂಡಿತೆಂದು ಬರೆದುಬಿಟ್ಟರು. ರಿಪೇರಿ ಮುಗಿದರೂ ಅದು ಕದಲಲಿಲ್ಲ. ಇನ್ನೊಂದು ಎಂಜಿನ್ ತಂದು ಎಳೆದರು, ಕೊಂಡಿ ಕಿತ್ತು ಬಂತೇ ಹೊರತು ಅದು ಬರಲಿಲ್ಲ. ಈಗ ಅದರ ಬೆನ್ನ ಮೇಲೆ ಊರಿನ ಹೆಂಗಸರು ಮೆಣಸಿನಕಾಯಿ, ಸಂಡಿಗೆ ಒಣಗಿಸುತ್ತಾರೆ. ಒಂದು ವರ್ಷ ಅದನ್ನು ಬಿಟ್ಟುಬಿಡುತ್ತೇನೆ ಎಂದದ್ದಕ್ಕೆ ನನ್ನ ಮನೆಗೇ ಜಗಳಕ್ಕೆ ಬಂದಿದ್ದರು.

ಇಲ್ಲದ್ದನ್ನು ಬರೆಯುವುದು ಇನ್ನೂ ದೊಡ್ಡ ತಪ್ಪು. ಗಿರಣಿ ಮುಚ್ಚಿದ ವರ್ಷ ಮಾವ ಮನಸ್ಸು ತಡೆಯಲಾರದೆ ಚಿಮಣಿಯ ಬಾಯಿಗೆ ಒಂದಿಷ್ಟು ಹೊಗೆ ಬರೆದರು. ಹೊಗೆ ಬಂತು. ವರ್ಷವಿಡೀ ಬಂತು. ಒಳಗೆ ಯಂತ್ರದ ಸದ್ದಿಲ್ಲ, ಕೆಲಸವಿಲ್ಲ, ಬರೀ ಹೊಗೆ. ಒಣಹಾಕಿದ ಬಟ್ಟೆಯೆಲ್ಲ ಮಸಿ. ಸುಳ್ಳು ಹೇಳುವವರಿಗೆ ಎಲ್ಲ ಊರಲ್ಲೂ ‘ರೈಲು ಬಿಡಬೇಡ’ ಅನ್ನುತ್ತಾರಲ್ಲ, ನಮ್ಮೂರಲ್ಲಿ ಆ ಮಾತನ್ನು ಅಂದಿನಿಂದ ಚಿತ್ರ ಬರೆಯುವವರಿಗೇ ಮೀಸಲಿಟ್ಟಿದ್ದಾರೆ. ನಾನು ಬ್ರಷ್ಷು ತೊಳೆಯುವುದನ್ನು ಕಂಡರೆ ಸಾಕು, ಹೋಗುವವರು ಬರುವವರೆಲ್ಲ, ‘ನೀಲಕ್ಕಾರ, ಈ ವರ್ಷ ರೈಲು ಬಿಡಬ್ಯಾಡ್ರಿ ಮತ್ತ’ ಎಂದು ನಕ್ಕು ಹೋಗುತ್ತಾರೆ. ಅವರ ನಗು ನನಗೆ ಒಂದು ದಿನವೂ ಹಿಡಿಸಿದ್ದಿಲ್ಲ.

ಮನುಷ್ಯರೂ ಚಿತ್ರದಲ್ಲಿ ಬರಬಾರದು. ಅದಕ್ಕೇ ನಾನು ದಿಬ್ಬದ ಮೇಲೆ ಕೂತ ಕೂಡಲೇ ದಸ್ತಗೀರಸಾಬರು ಗೇಟಿನಿಂದ, ‘ಬರಿಯಾಕತ್ತಾರ, ಬಾಜೂಕ ಸರೀರಿ’ ಎಂದು ಕೂಗು ಹಾಕುತ್ತಾರೆ. ಜನ ಮಳೆಗೆ ಒಳಗೆ ಸರಿದಂತೆ ಸರಿದುಬಿಡುತ್ತಾರೆ. ಆದರೆ ಕೊನೆಕೊನೆಗೆ ಮಾವನ ಕಣ್ಣಿಗೆ ಪೊರೆ ಬಂದಿತ್ತು. ಒಂದು ವರ್ಷ ಮೇಲ್ಸೇತುವೆಯ ನಡುವೆ ಅವರಿಗೆ ಏನೋ ಕೆಂಪಗೆ ಕಂಡಿತು. ಬೆಂಕಿ ಆರಿಸಲು ಮರಳು ತುಂಬಿ ತೂಗುಹಾಕುವ ಕೆಂಪು ಬಕೀಟು ಅಂದುಕೊಂಡು ಒಂದು ಚುಕ್ಕೆ ಇಟ್ಟರು. ಅದು ಬಕೀಟಾಗಿರಲಿಲ್ಲ. ಕೆಂಪು ಇಳಕಲ್ ಸೀರೆ ಉಟ್ಟು, ಹೊಲಿದ ಬಟ್ಟೆಯ ಗಂಟು ಹೊತ್ತುಕೊಂಡು, ಕೂಗು ಕಿವಿಗೆ ಬೀಳದೆ ಅವಸರದಲ್ಲಿ ದಾಟುತ್ತಿದ್ದ ಇಂದ್ರವ್ವ.

ಇಂದ್ರವ್ವ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಕುಪ್ಪಸ ಹೊಲಿಯುವವಳು. ಗಂಡ ಗಿರಣಿಯ ಬಾಯ್ಲರಿನಲ್ಲಿದ್ದವನು, ತೀರಿಕೊಂಡು ಬಹಳ ದಿನವಾಗಿತ್ತು. ಕಸ್ತೂರಿ ಎಂಬ ಒಬ್ಬಳೇ ಮಗಳು. ಆ ಚುಕ್ಕೆ ಬಿದ್ದ ಮರುದಿನದಿಂದ, ಚಿಮಣಿಯ ನೆರಳು ಮೇಲ್ಸೇತುವೆಯನ್ನು ಮುಟ್ಟುವ ಹೊತ್ತಿಗೆ ಇಂದ್ರವ್ವ ಎಲ್ಲಿದ್ದರೂ ಸೇತುವೆಯ ಮೇಲೆ ಇರುತ್ತಿದ್ದಳು. ಒಮ್ಮೆ ಬಸ್ಸು ಹತ್ತಿ ತವರಿಗೆ ಹೊರಟಳು. ಆ ಹೊತ್ತಿಗೆ ಬಸ್ಸಿನ ಸೀಟು ಖಾಲಿ, ಇವಳು ಕೈಯಲ್ಲಿ ಟಿಕೆಟ್ ಹಿಡಿದುಕೊಂಡು ಸೇತುವೆಯ ಮೇಲೆ. ಇನ್ನೊಮ್ಮೆ ಹಸಿರು ಸೀರೆ ಉಟ್ಟು ನೋಡಿದಳು. ಗಾಳಿಗೆ ದಸ್ತಗೀರಸಾಬರ ಕೆಂಪು ಬಾವುಟ ಹಾರಿ ಬಂದು ಅವಳ ಹೆಗಲ ಮೇಲೆ ಬಿತ್ತು. ಮಾವನಿಗೆ ಹೇಳಿದರೆ ಅವರು ಸಾಯುವವರೆಗೂ ಅದು ಬಕೀಟೇ ಎಂದು ವಾದಿಸಿದರು.

ಜನ ಎಷ್ಟು ಬೇಗ ಹೊಂದಿಕೊಳ್ಳುತ್ತಾರೆ ಎಂದರೆ ಕೆಲವೊಮ್ಮೆ ನನಗೆ ಸಿಟ್ಟು ಬರುತ್ತದೆ. ಕುಪ್ಪಸದ ಅಳತೆ ಕೊಡುವವರು ಆ ಹೊತ್ತಿಗೆ ಸೇತುವೆಗೇ ಬರತೊಡಗಿದರು. ಇಂದ್ರವ್ವ ಕೊರಳಿಗೆ ಟೇಪು ಹಾಕಿಕೊಂಡು ನಿಂತಿರುತ್ತಿದ್ದಳು. ಕೆಳಗೆ ಪ್ಯಾಸೆಂಜರ್ ಗಾಡಿ ಬಂದು ನಿಂತು ಹೋಗುವಾಗ ಅಳತೆ ನಿಲ್ಲಿಸಿ ಅದನ್ನೇ ನೋಡುತ್ತಿದ್ದಳು. ಕಸ್ತೂರಿಯ ಮದುವೆ ಗೊತ್ತಾದಾಗ ಅಕ್ಷತೆ ಬೀಳಬೇಕಾದ ಮುಹೂರ್ತವೂ ನೆರಳು ಮುಟ್ಟುವ ಹೊತ್ತೂ ಒಂದೇ ಆಯಿತು. ಇನ್ನೇನು ಮಾಡುವುದು, ಮೇಲ್ಸೇತುವೆಯ ಮೇಲೇ ಅಂತರಪಟ ಹಿಡಿದರು. ಗಟ್ಟಿಮೇಳಕ್ಕೆ ಸರಿಯಾಗಿ ಗೂಡ್ಸ್ ಗಾಡಿಯ ಡ್ರೈವರು ಸಿಳ್ಳೆ ಹಾಕಿದ. ಊಟ ಎರಡನೇ ಪ್ಲಾಟ್‌ಫಾರ್ಮಿನಲ್ಲಿ. ಆ ಗಾಡಿಯ ಮಾತನ್ನು ನಾವು ಈಗಲೂ ಆಡಿಕೊಂಡು ನಗುತ್ತೇವೆ. ಆದರೆ ಅಂದು ಸಂಜೆ ಕಸ್ತೂರಿ ಗಂಡನ ಊರಿಗೆ ಗಾಡಿ ಹತ್ತಿದಾಗ, ಮಗಳನ್ನು ಬಿಟ್ಟುಬರಲು ತಾಯಿ ಜೊತೆಗೆ ಹೋಗಲಾಗಲಿಲ್ಲ.

ಮಾವ ತೀರಿಕೊಂಡ ಮೇಲೆ ಬ್ರಷ್ಷು ನನ್ನ ಕೈಗೆ ಬಂತು. ಪ್ರತಿ ವರ್ಷ ಎಲ್ಲ ಬರೆದಾದ ಮೇಲೆ ಕೊನೆಗೆ ಆ ಕೆಂಪು ಚುಕ್ಕೆ ಉಳಿಯುತ್ತಿತ್ತು. ಇಂದ್ರವ್ವ ಸೇತುವೆಯ ಮೇಲಿಂದ ನನ್ನ ಕಡೆಗೇ ನೋಡುತ್ತಿದ್ದಳು, ನಾನು ಚುಕ್ಕೆ ಇಡುತ್ತಿದ್ದೆ. ಅವಳನ್ನು ಕಟ್ಟಿಹಾಕಲು ಮನಸ್ಸಿರಲಿಲ್ಲ, ಬಿಟ್ಟುಬಿಡುವ ಧೈರ್ಯವಿರಲಿಲ್ಲ. ಗಡಿಯಾರ ಹೋದರೆ ಹೊತ್ತು ಕೇಳಲು ಇನ್ನೊಬ್ಬರಿದ್ದರು. ಇಂದ್ರವ್ವ ಹೋದರೆ?

ಆ ವರ್ಷ ದಸರೆ ಹತ್ತಿರ ಬಂದಾಗ ಇಂದ್ರವ್ವ ನಮ್ಮ ಮನೆಗೆ ಬಂದಳು. ನಾನು ಅಂಗಳದಲ್ಲಿ ಕ್ಯಾನ್ವಾಸಿಗೆ ಬಿಳಿ ಬಳಿಯುತ್ತಿದ್ದೆ. ಅವಳು ಕೂಡಲಿಲ್ಲ, ಚಹಾ ಬೇಡವೆಂದಳು.

‘ಅಕ್ಕಾರ, ಕಸ್ತೂರಿಗೆ ಎಂಟು ತಿಂಗಳಾಗ ಬಿದ್ದಾವ. ಮೈಯೆಲ್ಲಾ ಬಾತೈತಂತ. ಹಾಸಗಿ ಬಿಟ್ಟು ಏಳಬ್ಯಾಡ, ಗಾಡಿ ಗೀಡಿ ಹತ್ತಬ್ಯಾಡ ಅಂದಾರ ಡಾಕ್ಟರು’ ಎಂದಳು.

‘ಅಂದರ ಇಲ್ಲಿಗೆ ಕರಕೊಂಡು ಬರಾಕ ಆಗಂಗಿಲ್ಲ.’

‘ಆಗಂಗಿಲ್ಲ. ಅತ್ತಿ ಇಲ್ಲದ ಮನಿ. ಅಳಿಯಾ ಒಬ್ಬಾಂವ ಏನು ಮಾಡ್ಯಾನು? ಮೊದಲನೇ ಬಾಣಂತನ ಅಕ್ಕಾರ. ತಾಯಿ ಅಂತ ನಾ ಇದ್ದು, ಬ್ರಿಜ್ಜಿನ ಮ್ಯಾಲೆ ಟೇಪು ಹಿಡಕೊಂಡು ನಿಂದರಲೇನು?’

ನಾನು ಬಿಳಿ ಬಳಿದ ಕಡೆಗೇ ಮತ್ತೆ ಬಳಿಯುತ್ತಿದ್ದೆ.

‘ಈ ವರ್ಷ ನನ್ನ ಬರೀಬ್ಯಾಡ್ರಿ’ ಎಂದಳು.

‘ಹುಚ್ಚಿ ಹಂಗ ಮಾತಾಡಬ್ಯಾಡ. ಬರೀದಿದ್ರ ನೀ ಹೋಗತಿ.’

‘ನನಗ ಹೋಗೂದ ಬೇಕಾಗೈತಲ್ರೀ! ರೈಲು ನೀವು ಎಂದಾರ ಬರದೀರೇನು? ಅದು ದಿನಾ ಹೋಗತೈತಿ, ದಿನಾ ಬರತೈತಿ.’

‘ಅದು ಒಮ್ಮೆನೂ ಚಿತ್ರದಾಗ ಬಂದದ್ದಲ್ಲ. ನೀ ಬಂದಾಕಿ. ಬಂದದ್ದನ್ನ ಬಿಟ್ಟರ ಏನಾಗತೈತಿ, ನಿನಗ ಗೊತ್ತಿಲ್ಲೇನು?’

‘ಏನಾರ ಆಗವಲ್ಲದ್ಯಾಕ. ನಾ ಹೋಗತೀನಿ.’

ನಮ್ಮಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಎದುರು ಮನೆಗೆ ಮೊಸರಿಗೆ ಹೆಪ್ಪು ಕೇಳಲು ಹೋಗುವವರೂ ‘ಹೋಗಿ ಬರತೀನಿ’ ಎಂದೇ ಹೊಸ್ತಿಲು ದಾಟುತ್ತಾರೆ. ಬರೀ ‘ಹೋಗತೀನಿ’ ಎಂದರೆ ಅದು ಸತ್ತವರ ಮಾತು. ‘ಬಾಯಿ ಮುಚ್ಚು’ ಎಂದು ಗದರಿದೆ. ಅವಳು ಅಳಲಿಲ್ಲ. ಅಂಗಳದ ಮೂಲೆಯಲ್ಲಿ ಬಿದ್ದಿದ್ದ ನನ್ನ ಚಪ್ಪಲಿಗಳನ್ನು ಯಾಕೋ ನೆಟ್ಟಗೆ ಜೋಡಿಸಿಟ್ಟು ಹೊರಟುಹೋದಳು.

ಆಮೇಲಿನ ದಿನಗಳಲ್ಲಿ ನನಗೆ ತಲೆ ಚಿಟ್ಟು ಹಿಡಿಯಿತು. ಗಿರಣಿ ಬರೆದೆ, ಟಾಕಿ ಬರೆದೆ, ಮೆಣಸಿನಕಾಯಿ ಹೊತ್ತ ಎಂಜಿನ್ನನ್ನೂ ಬರೆದೆ. ತುಕ್ಕಿನ ಬಣ್ಣ ಕಲಸುವುದು ನನಗೆ ಬಹಳ ಇಷ್ಟದ ಕೆಲಸ. ತುಕ್ಕು ಎಂದರೆ ಬರೀ ಕಂದು ಬಣ್ಣವಲ್ಲ, ಬೆಳಗಿನ ಬಿಸಿಲಿಗೆ ಅದರಲ್ಲಿ ಕಿತ್ತಳೆ ಇರುತ್ತದೆ, ಮಳೆ ಬಿದ್ದ ಮರುದಿನ ನೇರಳೆಯ ಛಾಯೆ ಇಳಿಯುತ್ತದೆ. ಆ ವರ್ಷ ಅದೂ ರುಚಿಸಲಿಲ್ಲ. ಒಂದು ದಿನ ದಸ್ತಗೀರಸಾಬರ ಗೇಟಿನ ಗುಡಿಸಲ ಮುಂದೆ ಕೂತು ಕೇಳಿಯೇಬಿಟ್ಟೆ.

‘ದಸ್ತಗೀರಣ್ಣ, ಒಂದು ಗಾಡಿ ಬರದು, ಅದರ ಕಿಡಕ್ಯಾಗ ಇಂದ್ರವ್ವನ್ನ ಕುಂದರಿಸಿಬಿಟ್ಟರ ಹೆಂಗ?’

ಅವರು ಬೀಡಿ ಕೆಳಗಿಟ್ಟರು. ‘ರೈಲು ಬಿಡಬ್ಯಾಡ್ರಿ ಅಕ್ಕಾರ. ಹೊಗಿ ನೆನಪೈತಿಲ್ಲೋ? ಗಾಡಿ ಬರೀತೀರಿ, ಗಾಡಿ ಇಲ್ಲೇ ನಿಂದರತೈತಿ. ಆಕಿ ವರ್ಷಪೂರ್ತಿ ಅದರ ಕಿಡಕ್ಯಾಗ ಕುಂದರತಾಳ. ಈಗರ ಬ್ರಿಜ್ ಮ್ಯಾಲೆ ಗಾಳಿ ಬೆಳಕರ ಐತಿ.’

ಅವರು ಹೇಳಿದ್ದು ಖರೆ. ಬರೆದರೆ ನಿಲ್ಲುತ್ತಾಳೆ, ಬಿಟ್ಟರೆ ಹೋಗುತ್ತಾಳೆ. ‘ಹೋಗಿ ಬರುವುದ’ನ್ನು ಬರೆಯುವುದು ಹೇಗೆ ಎಂದು ಮಾವ ನನಗೆ ಕಲಿಸಿರಲಿಲ್ಲ. ಪ್ರಾಯಶಃ ಅವರಿಗೂ ಗೊತ್ತಿರಲಿಲ್ಲ.

ಆಗ ಪ್ಯಾಸೆಂಜರ್ ಬಂತು. ದಸರೆಯ ಗದ್ದಲ, ಗಾಡಿ ಕಿಕ್ಕಿರಿದಿತ್ತು. ಅದು ಪೂರ್ತಿ ನಿಲ್ಲುವ ಮೊದಲೇ ಪ್ಲಾಟ್‌ಫಾರ್ಮಿನ ಜನ ಓಡೋಡಿ ಕಿಟಕಿಗಳೊಳಗೆ ಟವಲು ತೂರಿದರು. ಒಬ್ಬ ಚೀಲ ಎಸೆದ, ಒಬ್ಬಳು ಮಗುವಿನ ಟೊಪ್ಪಿಗೆ ಎಸೆದಳು. ದಿನಾ ನೋಡುವ ಗಲಾಟೆಯೇ. ನನ್ನೆದುರಿನ ಬೋಗಿಯಲ್ಲಿ ಕಿಟಕಿ ಪಕ್ಕದ ಸೀಟಿನ ಮೇಲೆ ಒಂದು ಹಳೇ ಟವಲು ಬಿದ್ದಿತ್ತು. ದಾಂಡಿಗನಂಥವನೊಬ್ಬ ಬಂದು ಅದರ ಮೇಲೆ ಕೂಡಲು ಹೋದ. ಎದುರು ಕೂತಿದ್ದ ಸಣಕಲು ಮುದುಕಿ, ‘ಏ ತಮ್ಮಾ, ಟವಲ್ ಕಾಣವಲ್ದೇನು? ಹಾಕಿದಾರು ಬರತಾರ, ಏಳು’ ಎಂದಳು. ಅವನು ತಟ್ಟನೆ ಎದ್ದು ನಿಂತ. ಟವಲು ಹಾಕಿದವನ ಮುಖ ಆ ಮುದುಕಿಯೂ ನೋಡಿರಲಿಲ್ಲ. ಅವನು ನೀರು ಹಿಡಿಯಲು ಹೋಗಿದ್ದನೋ ಎಲ್ಲಿಗೆ ಹೋಗಿದ್ದನೋ. ಆದರೂ ಬೋಗಿಗೆ ಬೋಗಿಯೇ ಅವನು ಬರುತ್ತಾನೆ ಎಂದು ನಂಬಿ ಕೂತಿತ್ತು.

ನಾನು ಗಡಬಡಿಸಿ ಎದ್ದೆ. ಮೇಲ್ಸೇತುವೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಂತು. ಇಂದ್ರವ್ವ ಯಾರದೋ ತೋಳಿನ ಅಳತೆ ತೆಗೆಯುತ್ತಿದ್ದಳು.

‘ಇಂದ್ರವ್ವ, ಟವಲ್ ಹಾಕಿ ಹೋಗು’ ಎಂದೆ.

‘ಎಲ್ಲಿ?’

‘ಇಲ್ಲೇ, ನಿನ್ನ ಜಾಗದಾಗ. ನಾ ಟವಲ್ ಬರೀತೀನಿ. ನಿನ್ನ ಬರದಂಗೂ ಅಲ್ಲ, ಬಿಟ್ಟಂಗೂ ಅಲ್ಲ. ನೀ ಬರತಿ ಅಂತ ಟವಲ್ ಹೇಳತೈತಿ.’

ಅವಳು ನನ್ನ ಮುಖ ನೋಡಿದಳು, ಕಂಬಿ ನೋಡಿದಳು, ಕೆಳಗೆ ಹೊರಟ ಗಾಡಿ ನೋಡಿದಳು. ‘ಹಂಗ ಆಗತೈತೇನ್ರಿ?’ ಎಂದಳು.

ರೈಲು ಬಿಡುವುದು ನನಗೆ ಬರುವುದಿಲ್ಲ. ‘ಗೊತ್ತಿಲ್ಲ’ ಎಂದೆ. ‘ಆಗಲಿಲ್ಲಂದ್ರ ನೀ ಮ್ಯಾಕಿ ಹೋದಂಗ ಹೋಗಬಹುದು. ನಾ ಸಾಯೂತನಾ ಅಳತೀನಿ. ವಿಚಾರ ಮಾಡು.’

‘ಮಾಡೂದೇನೈತ್ರಿ’ ಎಂದಳು. ಅಳತೆ ಕೊಡುತ್ತಿದ್ದ ಹೆಂಗಸು ಎತ್ತಿದ ತೋಳು ಇಳಿಸುವುದನ್ನೇ ಮರೆತಿದ್ದಳು.

ದಸ್ತಗೀರಸಾಬರು ಮೊದಲು ಬೈದರು. ಆಮೇಲೆ ತಮ್ಮ ಕೆಂಪು ಬಾವುಟವನ್ನೇ ಕೊಡಲು ಬಂದರು. ಸರಕಾರದ್ದು ಬೇಡವೆಂದಳು ಇಂದ್ರವ್ವ. ಆ ಕೆಂಪು ಇಳಕಲ್ ಸೀರೆಯಿಂದಲೇ ಒಂದು ತುಂಡು ಹರಿದು, ನಾಲ್ಕೂ ಅಂಚು ಮಡಿಚಿ ಹೊಲಿದು ಟವಲು ಮಾಡಿದಳು. ಹೊಲಿಗೆಯವಳು ತಾನೇ, ಅಷ್ಟು ಅವಸರದಲ್ಲೂ ಅಂಚು ಒಂದೆಳೆಯೂ ಸೊಟ್ಟಗಿರಲಿಲ್ಲ.

ಚಿತ್ರ ನಿಜವಾಗಿರಬೇಕಾದರೆ ಚುಕ್ಕೆ ಬೀಳುವ ಗಳಿಗೆಯಲ್ಲಿ ಸೇತುವೆಯ ಮೇಲೆ ಟವಲು ಮಾತ್ರ ಇರಬೇಕು. ಮೊದಲೇ ಇಟ್ಟರೆ ಅವಳು ಇನ್ನೂ ಸೇತುವೆಯ ಮೇಲಿರುತ್ತಾಳೆ, ಮತ್ತೆ ಒಂದು ವರ್ಷ ಕಟ್ಟಿಬಿದ್ದಂತೆ. ತಡವಾದರೆ ಹಳೆಯ ಚಿತ್ರ ಅವಳನ್ನು ಗಾಡಿಯಿಂದ ಎಳೆದು ತಂದು ನಿಲ್ಲಿಸುತ್ತದೆ. ಗಾಡಿ ಅಡ್ಡ ನಿಂತರೆ ದಿಬ್ಬದ ಮೇಲಿರುವ ನನಗೆ ಪ್ಲಾಟ್‌ಫಾರ್ಮು ಕಾಣುವುದಿಲ್ಲ. ಅವಳು ಒಳಗೆ ಕೂತದ್ದು ಖಾತ್ರಿಯಾದ ಮೇಲೆ ದಸ್ತಗೀರಸಾಬರು ಹಸಿರು ಬಾವುಟ ಬೀಸುವುದೆಂದು ಮಾತಾಯಿತು. ಆ ಬಾವುಟಕ್ಕೆ ಅಂದು ಗಾಡಿಯೂ ಹೊರಡಬೇಕು, ನನ್ನ ಕೈಯೂ ಹೊರಡಬೇಕು.

ಆಯುಧಪೂಜೆಯ ದಿನ ಬೆಳಗ್ಗೆ ಅವಳು ಗಂಟು ಕಟ್ಟಿಕೊಂಡು ನಮ್ಮ ಮನೆಯ ಮುಂದೆ ಹಾದು ಹೋದಳು. ಗಂಟಿನಲ್ಲಿ ಬಾಣಂತಿಯ ಉಂಡೆಗೆ ಬೇಕಾದ ಅಂಟು, ಒಣಕೊಬ್ಬರಿ, ಉತ್ತತ್ತಿ, ಕೂಸಿಗೆಂದು ಹೊಲಿದ ಕುಲಾಯಿ. ಉಳಿದ ಸೀರೆಯನ್ನೇ ಉಟ್ಟಿದ್ದಳು, ಸೆರಗು ಗಿಡ್ಡವಾಗಿ ಭುಜದ ಮೇಲೆ ನಿಲ್ಲುತ್ತಿರಲಿಲ್ಲ. ಹೊಸ್ತಿಲ ಹತ್ತಿರ ನಿಂತು, ‘ಅಕ್ಕಾರ, ಹೋಗಿ ಬರತೀನಿ’ ಎಂದಳು.

‘ಹೋಗಿ ಬಾ’ ಎಂದೆ.

ನೆರಳು ಸೇತುವೆಯನ್ನು ಮುಟ್ಟಿದಾಗ ಪ್ಯಾಸೆಂಜರ್ ಬಂದು ನಿಂತಿತು. ಸೇತುವೆಯ ಮೇಲೆ ಕೆಂಪು ಬಾಗಿ ಕಂಬಿಗೆ ಏನೋ ಕಟ್ಟಿತು. ಆಮೇಲೆ ಅಲ್ಲಿ ಎರಡು ಕೆಂಪು. ದೊಡ್ಡದು ಮೆಟ್ಟಿಲ ಕಡೆಗೆ ಹೊರಟಿತು. ಕೆಸರಿನಲ್ಲಿ ನಡೆಯುವವರ ಹಾಗೆ ಅವಳು ಒಂದೊಂದು ಕಾಲನ್ನೂ ಕಿತ್ತು ಕಿತ್ತು ಇಡುತ್ತಿದ್ದಳು. ಹಳೆಯ ಚಿತ್ರ ಹಿಂದಕ್ಕೆ ಎಳೆಯುತ್ತಿತ್ತು. ಆ ಹಳೆಯ ಚಿತ್ರವೂ ನನ್ನ ಕೈಯದೇ. ಕೈಗಂಬಿ ಹಿಡಿದು ಜಗ್ಗಿಕೊಂಡು ಇಳಿದಳು, ನಡುವೆ ಒಮ್ಮೆ ಕೂತೇಬಿಟ್ಟಳು, ಮತ್ತೆ ಎದ್ದಳು. ಆಮೇಲೆ ಗಾಡಿಯ ಮರೆಗೆ ಸರಿದು ಕಾಣದಾದಳು.

ಗಾಡಿ ಸಿಳ್ಳೆ ಹಾಕಿತು. ಬಾವುಟ ಏಳಲಿಲ್ಲ. ಡ್ರೈವರು ತಲೆ ಹೊರಗೆ ಹಾಕಿ ಬೈಯುವುದು ಕೇಳಿಸಿತು. ದಸ್ತಗೀರಸಾಬರು ಹಸಿರು ಬಾವುಟವನ್ನು ಕಂಕುಳಲ್ಲಿ ಅಮುಕಿಕೊಂಡು ನಿಂತಿದ್ದರು. ಅವರು ಸಮಯಕ್ಕೆ ಗಾಡಿ ಬಿಡದಿದ್ದದ್ದು ಅವರ ಸರ್ವಿಸಿನಲ್ಲೇ ಅದೊಂದು ಸಲ. ನನ್ನ ಬ್ರಷ್ಷಿನ ತುದಿಯ ಕೆಂಪು ಹನಿಗಟ್ಟಿ ಬೀಳುವಂತಾಗಿತ್ತು. ಬಾವುಟ ಎದ್ದಿತು. ನಾನು ಸೇತುವೆಯ ಕಡೆ ನೋಡಿದೆ. ಕಂಬಿಯ ಮೇಲೆ ಒಂದು ಕೆಂಪು ಟವಲು, ಮತ್ತೇನೂ ಇಲ್ಲ. ಚುಕ್ಕೆ ಇಟ್ಟೆ.

ಗಾಡಿ ಹೋಯಿತು. ಪ್ಲಾಟ್‌ಫಾರ್ಮು ಖಾಲಿ, ಸೇತುವೆ ಖಾಲಿ. ಯಾರೋ ನನ್ನ ಬೆನ್ನ ಹಿಂದೆ ‘ಹೋದ್ಲು’ ಎಂದರು.

‘ಹೋಗಿ ಬರತಾಳ ಅನ್ರಿ!’ ಎಂದು ಸಿಡುಕಿದೆ.

ಗಾಡಿಯಲ್ಲಿ ಕೂತದ್ದನ್ನು ದಸ್ತಗೀರಸಾಬರು ನೋಡಿದ್ದರು. ಆದರೆ ಆಮೇಲೆ? ಚುಕ್ಕೆ ಬಿದ್ದ ಮೇಲೆ ಆ ಸೀಟಿನಲ್ಲಿ ಅವಳು ಇದ್ದಳೇ? ಗೇಟಿನ ಫೋನಿನ ಹಿಡಿ ತಿರುಗಿಸಿ ಮುಂದಿನ ಸ್ಟೇಷನ್ನಿಗೆ ಕೇಳಿದರು. ಅಲ್ಲಿನವನು, ‘ಕೆಂಪು ಸೀರಿ ಹೆಣ್ಣಮಗಳು? ಹಬ್ಬದಾಗ ಅರ್ಧ ಗಾಡಿ ಕೆಂಪು ಸೀರೀನ ಐತಿ’ ಎಂದು ಇಟ್ಟುಬಿಟ್ಟ. ಮರುದಿನ ಎಲ್ಲರೂ ಬನ್ನಿ ಹಂಚಿಕೊಂಡು ಬಂಗಾರದಂಗ ಇರೋಣ ಎಂದರು. ನನ್ನ ಕೈಗೆ ಎಲೆ ಕೊಟ್ಟವರು ಯಾರೂ ಇಂದ್ರವ್ವನ ಸುದ್ದಿ ಎತ್ತಲಿಲ್ಲ. ಎತ್ತದಿದ್ದದ್ದು ಕೇಳುವುದಕ್ಕಿಂತ ಜಾಸ್ತಿ ಚುಚ್ಚಿತು.

ದೀಪಾವಳಿ ಬಂತು, ಹೋಯಿತು. ಕಸ್ತೂರಿಯ ಮನೆಯಿಂದ ಸುದ್ದಿಯಿಲ್ಲ. ಅವಳ ಊರಿನ ಕಡೆ ಹೋಗಿ ಬಂದವರೂ ಸಿಗಲಿಲ್ಲ. ಟವಲು ಮಾತ್ರ ಇತ್ತು. ಗಾಳಿಗೆ ಅಂಚು ಅಲುಗಾಡುತ್ತಿತ್ತು. ಅದು ಒಂದು ಕಡೆ ವಾಲಿದೆಯೆಂದು ದಸ್ತಗೀರಸಾಬರು ಸರಿಮಾಡಲು ಹೋದರೆ ಗಂಟು ಕಲ್ಲಿನಂತೆ ಕದಲಲಿಲ್ಲ. ಬರೆದದ್ದು ಎಲ್ಲಿ ಕದಲುತ್ತದೆ? ಜನ ಸೇತುವೆ ದಾಟುವಾಗ ಅಲ್ಲೊಂದು ಮೊಳ ಜಾಗ ಬಿಟ್ಟು ದಾಟುತ್ತಿದ್ದರು. ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುವವರೂ ಆ ಜಾಗದಲ್ಲಿ ಇಳಿಸುತ್ತಿರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ. ನಾನು ದಿನಾ ಹೋಗಿ ನೋಡುತ್ತಿದ್ದೆ, ನೋಡಿ ಬಂದು ಊಟ ಸೇರದೆ ಮಲಗುತ್ತಿದ್ದೆ. ಕೈಯಾರೆ ಒಬ್ಬ ಹೆಂಗಸನ್ನು ಅಳಿಸಿಬಿಟ್ಟೆ ಎಂದೇ ಅನ್ನಿಸುತ್ತಿತ್ತು.

ಚಳಿ ಬಿದ್ದ ಮೇಲೆ ಒಂದು ದಿನ ಪ್ಯಾಸೆಂಜರಿನ ಗಾರ್ಡು ದಸ್ತಗೀರಸಾಬರ ಕೈಗೆ ಒಂದು ಡಬ್ಬಿ ಕೊಟ್ಟು ಹೋದರು. ಯಾರೋ ಪ್ಲಾಟ್‌ಫಾರ್ಮಿನಲ್ಲಿ ಕೊಟ್ಟರಂತೆ, ಚಿತ್ರದ ನೀಲಕ್ಕಾರಿಗೆ ಮುಟ್ಟಿಸಿರಿ ಎಂದರಂತೆ. ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟಿ, ಸುತ್ತ ಸಣ್ಣ ಹೊಲಿಗೆ ಹಾಕಿತ್ತು. ಹೊಲಿಗೆ ಬಿಚ್ಚಿದೆ. ಒಳಗೆ ಅಂಟಿನುಂಡೆ. ಬಾಣಂತಿಗೆ ಮಾಡುವ ಉಂಡೆ ಅದು, ಹೆರಿಗೆಯಾಗದೆ ಯಾರೂ ಕಟ್ಟುವುದಿಲ್ಲ. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡೆ. ಇಂದ್ರವ್ವ ಯಾವ ಉಂಡೆ ಕಟ್ಟಿದರೂ ಕೊಬ್ಬರಿ ಕೈಮುಂದಾಗಿ ಹಾಕುತ್ತಾಳೆ, ಬೆಲ್ಲಕ್ಕೆ ಜಿಪುಣತನ ಮಾಡುತ್ತಾಳೆ. ಕೊಬ್ಬರಿ ಹೆಚ್ಚಾಗಿತ್ತು. ಬೆಲ್ಲ ಸಾಲದು. ನಾನು ಗೇಟಿನ ಕಲ್ಲಿನ ಮೇಲೆ ಕೂತು ದಸ್ತಗೀರಸಾಬರ ಎದುರಿಗೇ ಗೊಳೋ ಎಂದು ಅತ್ತೆ. ಅವರೂ ಒಂದು ಉಂಡೆ ತಿಂದು, ಮುಖ ಆಚೆ ತಿರುಗಿಸಿಕೊಂಡು, ಬಾರದ ಗಾಡಿಗೆ ಗೇಟು ಹಾಕಲು ಎದ್ದು ಹೋದರು.

ಅವಳು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅದೇ ಪ್ಯಾಸೆಂಜರಿನಿಂದ ಇಳಿದಳು. ಹಿಂದೆ ಕಸ್ತೂರಿ, ಕಸ್ತೂರಿಯ ಕೈಯಲ್ಲಿ ಕುಲಾಯಿ ಹಾಕಿದ ಹೆಣ್ಣು ಕೂಸು. ಮನೆಗೆ ಬರುತ್ತಾಳೆಂದು ನಾನು ಬಾಗಿಲಲ್ಲಿ ಕಾದರೆ ಅವಳು ನೆಟ್ಟಗೆ ಮೇಲ್ಸೇತುವೆ ಹತ್ತಿದಳು. ನಾನೂ ಹಿಂದಿನಿಂದ ಏದುಸಿರು ಬಿಡುತ್ತ ಹತ್ತಿದೆ. ಬಿಸಿಲಿಗೆ ಟವಲು ತಿಳಿಗೆಂಪಾಗಿತ್ತು, ಮೇಲೆಲ್ಲ ಕಲ್ಲಿದ್ದಲಿನ ಧೂಳು.

‘ಯಾರರ ನಿಂತಿದ್ರೇನ್ರಿ ಅಕ್ಕಾರ ನನ್ನ ಜಾಗದಾಗ?’ ಎಂದಳು.

‘ಯಾರೂ ನಿಂದರಲಿಲ್ಲ ತಾಯಿ.’

ಅವಳು ಗಂಟಿಗೆ ಕೈ ಹಾಕಿದಳು. ದಸ್ತಗೀರಸಾಬರ ಬಲಕ್ಕೆ ಜಗ್ಗದ ಗಂಟು ಅವಳ ಎರಡು ಬೆರಳಿಗೆ ಬಿಚ್ಚಿಕೊಂಡಿತು. ಟವಲನ್ನು ಫಡಫಡನೆ ಝಾಡಿಸಿದಳು, ಕೆಳಗೆ ನಿಂತವರ ತಲೆಯ ಮೇಲೆಲ್ಲ ಧೂಳು. ‘ಇಷ್ಟು ದಿನಾ ಒಮ್ಮೆರ ಒಗೀಬಾರದೇನ್ರಿ?’ ಎಂದು ನನ್ನನ್ನೇ ಗದರಿದಳು. ಕೊಳೆಯಾಗದ ಒಂದು ಮೂಲೆ ಹುಡುಕಿ ಕೂಸಿನ ಬಾಯಿಯ ಜೊಲ್ಲು ಒರೆಸಿದಳು. ಚಿಮಣಿಯ ನೆರಳು ಸೇತುವೆಯ ಮೇಲೆ ಬಿದ್ದು, ಅವಳ ಕಾಲ ಬಳಿ ಸರಿದು, ತನ್ನ ಪಾಡಿಗೆ ದಾಟಿ ಹೋಯಿತು.

‘ಇನ್ನ ಮನೀಗೆ ನಡಿ, ಚಾ ಮಾಡತೀನಿ’ ಎಂದೆ.

‘ಬಂದೆ’ ಎಂದು ಅವಳು ಟವಲನ್ನು ಮಡಿಚಿ, ಅದೇ ಕಂಬಿಗೆ, ಅದೇ ಗಂಟು ಹಾಕಿ ಮತ್ತೆ ಕಟ್ಟಿದಳು. ‘ಇರಲಿ ಬಿಡ್ರಿ. ಕೂಸಿಗೆ ಹಲ್ಲು ಬರೂ ಹೊತ್ತಿಗೆ ಮತ್ತ ಹೋಗಿ ಬರೂದೈತಿ.’